ನಿಂತವರ ಓಲಾಟದ ಲೆಕ್ಕ

ಎರಡೂ ಪಾದ ಜೋಡಿಸಿ ಸುಮ್ಮನೆ ನಿಂತ ಮನುಷ್ಯನ ದೇಹ ಸುಮ್ಮನಿರುವುದಿಲ್ಲ. ಹಿಂದಕ್ಕೂ ಮುಂದಕ್ಕೂ, ತುಸು ಮಟ್ಟಿಗೆ ಅಕ್ಕಪಕ್ಕಕ್ಕೂ ಅದು ಓಲುತ್ತಲೇ ಇರುತ್ತದೆ. ದೇಹದ ಗುರುತ್ವ ಕೇಂದ್ರ ಇರುವುದು ಕಾಲಿನ ಹರಡಿಗಿಂತ ಸ್ವಲ್ಪ ಮುಂದೆ. ಹಾಗಾಗಿ ನಿಂತವನು ಯಾವಾಗಲೂ ಮುಂದಕ್ಕೆ ವಾಲುವ ಹಾದಿಯಲ್ಲಿರುತ್ತಾನೆ. ಮೀನಖಂಡದ ಸ್ನಾಯುಗಳು ಮತ್ತೆ ಮತ್ತೆ ಬಿಗಿದು ಅವನನ್ನು ಹಿಂದಕ್ಕೆ ಎಳೆಯುತ್ತವೆ. ಅಂಗೈ ಮೇಲೆ ಕೋಲು ನಿಲ್ಲಿಸಿಕೊಂಡ ಹುಡುಗನ ಕೈ ಕೋಲಿನ ಬುಡವನ್ನು ಅತ್ತಿತ್ತ ಸರಿಸುತ್ತಲೇ ಇರುವಂತೆ, ಪಾದದಡಿಯ ಒತ್ತಡವೂ ಬೆರಳಿನ ಕಡೆಗೊಮ್ಮೆ ಹಿಮ್ಮಡಿಯ ಕಡೆಗೊಮ್ಮೆ ಸರಿಯುತ್ತಿರುತ್ತದೆ. ಉಸಿರಾಟವೂ ಹೃದಯದ ಬಡಿತವೂ ಈ ಓಲಾಟಕ್ಕೆ ತಮ್ಮ ಪಾಲು ಸೇರಿಸುತ್ತವೆ.

ಓಲಾಟವನ್ನು ಹದ್ದಿನಲ್ಲಿಡಲು ಮೆದುಳಿಗೆ ಮೂರು ಕಡೆಯಿಂದ ಸುದ್ದಿ ಬರುತ್ತದೆ. ಕಣ್ಣು ಸುತ್ತಲಿನ ಗೋಡೆ ಬಾಗಿಲುಗಳ ನೇರವನ್ನು ತಿಳಿಸುತ್ತದೆ. ಒಳಗಿವಿಯಲ್ಲಿ ತಲೆ ತಿರುಗಿದ್ದನ್ನು ಅರಿಯುವ ಮೂರು ಅರ್ಧವೃತ್ತ ನಾಳಗಳೂ, ವಾಲಿದ್ದನ್ನು ಅರಿಯುವ ಎರಡು ಚೀಲಗಳೂ ಇವೆ. ಅಂಗಾಲು, ಹರಡು, ಕಾಲಿನ ಸ್ನಾಯುಗಳು ನೆಲದ ಸುದ್ದಿ ಕಳಿಸುತ್ತವೆ. ಒಂದು ಕಡೆಯ ಸುದ್ದಿ ನಿಂತರೆ ಉಳಿದೆರಡು ಸಂಭಾಳಿಸುತ್ತವೆ. ಎರಡು ನಿಂತರೆ ಓಲಾಟ ಎದ್ದು ಕಾಣುತ್ತದೆ. ತಲೆಸುತ್ತು, ಆಯ ತಪ್ಪುವುದು ಎಂದು ಬಂದವರನ್ನು ನಿಲ್ಲಿಸಿ ನೋಡುವ ಪದ್ಧತಿ ಹುಟ್ಟಿದ್ದು ಹೀಗೆ.

ಆ ಓಲಾಟವನ್ನು ಕಣ್ಣಳತೆಯಲ್ಲಿ ನೋಡಿದರೆ ಸಾಕೇ, ಯಂತ್ರದ ಮೇಲೆ ಅಳೆಯಬೇಕೇ ಎಂಬ ಬಗ್ಗೆ ಇಂಥ ರೋಗಿಗಳನ್ನು ನೋಡುವವರಲ್ಲೇ ಒಮ್ಮತವಿಲ್ಲ. ಮುಂದಿನ ಮಾತುಕತೆಯಲ್ಲಿ ಒಬ್ಬರು ತಾಲ್ಲೂಕು ಕೇಂದ್ರವೊಂದರಲ್ಲಿ ಬಹುಕಾಲ ವೈದ್ಯವೃತ್ತಿ ಮಾಡಿದ ಹಿರಿಯರು. ಇನ್ನೊಬ್ಬಳು ಮೈಸೂರಿನಲ್ಲಿ ವಾಕ್ ಶ್ರವಣ ವಿಜ್ಞಾನ ಓದಿ, ಈಗ ಸಮತೋಲನ ಪರೀಕ್ಷೆಯ ಕೊಠಡಿ ನೋಡಿಕೊಳ್ಳುವ ತರುಣಿ.

ಹಿರಿಯರು: ನೋಡಮ್ಮ, ಈ ಪರೀಕ್ಷೆಗೆ ಬೇಕಾದದ್ದು ಒಂದು ಸಮನಾದ ನೆಲ, ಬಿದ್ದರೆ ಹಿಡಿಯೋಕೆ ಎರಡು ಕೈ. ಬರ್ಲಿನ್‌ನ ಮೋರಿಟ್ಸ್ ರೋಂಬರ್ಗ್ 1840ರಿಂದ 1846ರೊಳಗೆ ಹೊರಬಂದ ತಮ್ಮ ನರರೋಗಗಳ ಗ್ರಂಥದಲ್ಲಿ ಬರೆದಿಟ್ಟದ್ದು ಇಷ್ಟೇ: ರೋಗಿಯನ್ನ ನಿಲ್ಲಿಸು, ಕಣ್ಣು ಮುಚ್ಚಿಸು, ನೋಡು. ಸಿಫಿಲಿಸ್‌ನಿಂದ ಬೆನ್ನುಹುರಿಯ ಹಿಂಭಾಗ ಕೆಟ್ಟವರು ಕಣ್ಣು ತೆರೆದಿರೋವರೆಗೆ ನಿಲ್ಲುತ್ತಿದ್ದರು, ಮುಚ್ಚಿದ ಕೂಡಲೇ ತೂರಾಡುತ್ತಿದ್ದರು. ನಮ್ಮಲ್ಲಿ ಆ ಕಾಯಿಲೆ ಅಪರೂಪವಾಯಿತು. ಆದರೆ ಬಿ12 ಕಡಿಮೆಯಾದವರು, ಸಕ್ಕರೆ ಕಾಯಿಲೆಯಿಂದ ಅಂಗಾಲು ಮರಗಟ್ಟಿದವರು ಇವತ್ತಿಗೂ ಹಾಗೇ ಬರ್ತಾರೆ. ಬಚ್ಚಲಲ್ಲಿ ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದಾಗ ಜೋಲಿ ಹೊಡೀತೀನಿ ಅಂತ ಅವರೇ ಹೇಳ್ತಾರೆ. ಇನ್ನು ಯಂತ್ರ ಏನು ಹೇಳಬೇಕು?

ಕಿರಿಯಳು: ಸರ್, ಆ ನೋಟದಲ್ಲಿ ಸಿಗೋದು ‘ಹೌದು’ ಅಥವಾ ‘ಇಲ್ಲ’ ಅನ್ನೋ ಉತ್ತರ. ಎಷ್ಟು ಅಂತ ಸಿಗಲ್ಲ. ಎಷ್ಟು ಅಂತ ತಿಳೀಬೇಕು ಅನ್ನೋ ಆಸೆ ನನ್ನ ಕಾಲದ್ದೇನಲ್ಲ. 1860ರ ದಶಕದಲ್ಲೇ ಕಾರ್ಲ್ ಫೋನ್ ಫಿಯರೋರ್ಟ್ ಅನ್ನೋ ಜರ್ಮನ್ ಶರೀರಶಾಸ್ತ್ರಜ್ಞ ನಿಂತವರ ತಲೆಗೆ ಶಿರಸ್ತ್ರಾಣ ಹಾಕಿ, ಅದಕ್ಕೆ ಗರಿ ಸಿಕ್ಕಿಸಿ, ಮೇಲೆ ಹೊಗೆ ಹಿಡಿಸಿದ ಕಾಗದದ ಮೇಲೆ ಓಲಾಟದ ಗೆರೆ ಬರೆಸಿದ್ದ. 1880ರ ದಶಕದಲ್ಲಿ ಫಿಲಡೆಲ್ಫಿಯಾದ ವೈರ್ ಮಿಚೆಲ್ ಮತ್ತು ಮಾರಿಸ್ ಲೂಯಿಸ್ ತಲೆ ಎಷ್ಟು ಅಂಗುಲ ಸರೀತು ಅಂತ ಅಳೆದರು. ನನ್ನ ಕೊಠಡಿಯಲ್ಲಿರೋದು ಆ ಗರಿಯ ಮರಿಮಗಳು ಅಷ್ಟೇ.

ಹಿರಿಯರು: ಮರಿಮಗಳ ಬೆಲೆ ಮಾತ್ರ ಮುತ್ತಜ್ಜಿಯದ್ದಕ್ಕಿಂತ ಜಾಸ್ತಿ! ಇರಲಿ, ಅದು ಅಳೆಯೋದು ಏನನ್ನ? ತಲೆಯನ್ನೋ, ಸೊಂಟವನ್ನೋ?

ಕಿರಿಯಳು: ಪಾದದಡಿಯ ಒತ್ತಡವನ್ನ. ಫೋರ್ಸ್ ಪ್ಲೇಟ್ ಅಂದರೆ ಗಟ್ಟಿಯಾದ ಚಪ್ಪಟೆ ಹಲಗೆ. ನಾಲ್ಕು ಮೂಲೆಗಳ ಕೆಳಗೆ ಭಾರ ಅಳೆಯೋ ನಾಲ್ಕು ಸಂವೇದಕಗಳು. ಯಾವ ಮೂಲೆ ಮೇಲೆ ಎಷ್ಟು ಭಾರ ಬಿತ್ತು ಅನ್ನೋದರಿಂದ ಒಟ್ಟು ಒತ್ತಡದ ಕೇಂದ್ರ ಆ ಕ್ಷಣ ಎಲ್ಲಿದೆ ಅಂತ ಲೆಕ್ಕ ಸಿಗುತ್ತೆ. ಸೆಕೆಂಡಿಗೆ ನೂರು ಸಲ ಹೀಗೆ ಗುರುತು ಹಾಕಿಕೊಂಡು ಹೋದರೆ ತೆರೆಯ ಮೇಲೆ ಒಂದು ಗೋಜಲು ಗೆರೆ ಮೂಡುತ್ತೆ. ಗೆರೆಯ ಒಟ್ಟು ಉದ್ದ, ಅದು ಹರಡಿಕೊಂಡ ಜಾಗ, ಸರಿದ ವೇಗ, ಮುಂದೆ ಹಿಂದೆ ಎಷ್ಟು, ಪಕ್ಕಕ್ಕೆ ಎಷ್ಟು, ಇವನ್ನೆಲ್ಲ ನೋಡ್ತೀವಿ. ಆರೋಗ್ಯವಾಗಿರೋ ಯುವಕ ಕಣ್ಣು ಬಿಟ್ಟು ನಿಂತರೆ ವೇಗ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ಅಂದರೆ ಅರ್ಧ ನಿಮಿಷ ‘ಅಲ್ಲಾಡದೆ’ ನಿಂತವನ ಗೆರೆ ಬಿಡಿಸಿ ಎಳೆದರೆ ಸುಮಾರು ಒಂದು ಅಡಿ. ಕಣ್ಣು ಮುಚ್ಚಿದಾಗಿನ ಅಳತೆಯನ್ನ ತೆರೆದಾಗಿನ ಅಳತೆಯಿಂದ ಭಾಗಿಸಿದರೆ ಬರೋದೇ ರೋಂಬರ್ಗ್ ಅನುಪಾತ. ನಿಮ್ಮ ಗುರುವಿನ ಹೆಸರೇ ಉಳಿದಿದೆ.

ಹಿರಿಯರು: ಹೆಸರು ಉಳೀತು, ವಿವೇಚನೆ ಉಳೀತಾ ಅಂತ ನನ್ನ ಪ್ರಶ್ನೆ. ನಾನು ನಿಲ್ಲಿಸಿದಾಗ ಮೊದಲು ನೋಡೋದು ಕಣ್ಣು ತೆರೆದಿರುವಾಗ ನಿಲ್ಲಬಲ್ಲರಾ ಅಂತ. ತೆರೆದಿದ್ದಾಗಲೇ ನಿಲ್ಲಲಾರದವರಿಗೆ ರೋಂಬರ್ಗ್ ಹಚ್ಚುವಂತಿಲ್ಲ. ಅಲ್ಲಿ ಕಿರುಮೆದುಳನ್ನ ಶಂಕಿಸಬೇಕು. ಆಮೇಲೆ ಪಾದ ನೋಡ್ತೀನಿ. ಮುಖ ನೋಡಿಕೊಂಡಿದ್ದರೆ ಇದು ತಪ್ಪಿಹೋಗುತ್ತೆ: ಕಣ್ಣು ಮುಚ್ಚಿದ ಒಂದೆರಡು ಕ್ಷಣದಲ್ಲಿ ಅಡಿಮೇಲಿನ ಸ್ನಾಯುರಜ್ಜುಗಳು ಒಂದಾದ ಮೇಲೊಂದು ಎದ್ದೆದ್ದು ಇಳೀತಾವೆ, ಹೆಬ್ಬೆರಳು ನೆಲ ಕಚ್ಚಿಕೊಳ್ಳೋಕೆ ನೋಡುತ್ತೆ. ದೇಹ ಇನ್ನೂ ಓಲಿರೋದೇ ಇಲ್ಲ, ಪಾದ ಆಗಲೇ ಕೂಗಿ ಹೇಳ್ತಿರುತ್ತೆ. ತುಸು ಓಲಿದವರಿಗೆಲ್ಲ ‘ರೋಂಬರ್ಗ್ ಪಾಸಿಟಿವ್’ ಅಂತ ಬರೆಯೋ ಹುಡುಗರನ್ನ ಕಂಡಿದ್ದೀನಿ. ಓಲೋದು ಎಲ್ಲರೂ ಓಲ್ತಾರೆ. ಹೆಜ್ಜೆ ಕಿತ್ತಿಟ್ಟರೆ, ಬೀಳೋಕೆ ಹೋದರೆ ಮಾತ್ರ ಅದು ಚಿಹ್ನೆ.

ಕಿರಿಯಳು: ನಿಮಗೆ ಆ ಕಣ್ಣಿದೆ ಸರ್. ಆದರೆ ನೀವು ಕಂಡದ್ದನ್ನ ಮೂರು ತಿಂಗಳ ಹಿಂದೆ ಕಂಡದ್ದರ ಜೊತೆ ಹೋಲಿಸೋದು ಹೇಗೆ? ಚೀಟಿಯಲ್ಲಿ ‘ಸ್ವಲ್ಪ ಅಸ್ಥಿರ’ ಅಂತ ಇರುತ್ತೆ. ಅವತ್ತಿನ ‘ಸ್ವಲ್ಪ’ ಇವತ್ತಿನ ‘ಸ್ವಲ್ಪ’ಕ್ಕಿಂತ ಹೆಚ್ಚೋ ಕಡಿಮೆಯೋ?

ಹಿರಿಯರು: ಅದನ್ನ ಒಪ್ತೀನಿ. ಆದರೆ ಮೂಲ ತಕರಾರು ಬೇರೆ. ತಲೆಸುತ್ತು ಅಂತ ಬಂದವರಲ್ಲಿ ಎಷ್ಟು ಜನಕ್ಕೆ ನಿನ್ನ ಹಲಗೆ ಕಾರಣ ಹೇಳುತ್ತೆ? ಒಬ್ಬಾಕೆ ಬರ್ತಾಳೆ: ರಾತ್ರಿ ಮಗ್ಗುಲು ಬದಲಾಯಿಸಿದಾಗ ಮನೆಯೆಲ್ಲ ಗಿರಗಿರ ಅಂತ ಸುತ್ತುತ್ತೆ, ಅರ್ಧ ನಿಮಿಷದಲ್ಲಿ ನಿಲ್ಲುತ್ತೆ ಅಂತಾಳೆ. ಪಿತ್ತ ಅಂತ ಶುಂಠಿ ಕಷಾಯ ಕುಡಿದಾಗಿರುತ್ತೆ, ಕುತ್ತಿಗೆ ಸವೆದಿದೆ ಅಂತ ಯಾರೋ ಪಟ್ಟಿ ಕಟ್ಟಿಸಿರ್ತಾರೆ. ನಿನ್ನ ಪ್ಲೇಟ್ ಮೇಲೆ ನಿಲ್ಲಿಸಿದರೆ?

ಕಿರಿಯಳು: ಹೆಚ್ಚಾಗಿ ಸರಿಯಾಗೇ ನಿಲ್ಲುತ್ತಾಳೆ. ಅದು ಹಲಗೆಯ ಕೆಲಸವೇ ಅಲ್ಲ. ಒಳಗಿವಿಯ ಚೀಲದಿಂದ ಕ್ಯಾಲ್ಸಿಯಂ ಕಾರ್ಬೊನೇಟ್ ಹರಳು ಉದುರಿ ನಾಳಕ್ಕೆ, ಬಹುಪಾಲು ಹಿಂಬದಿಯ ನಾಳಕ್ಕೆ, ಸೇರಿಕೊಂಡಿರುತ್ತೆ. ಮಂಚದ ಮೇಲೆ ಕೂರಿಸಿ, ತಲೆ ಒಂದು ಬದಿಗೆ ತಿರುಗಿಸಿ, ಥಟ್ಟನೆ ಹಿಂದಕ್ಕೆ ಮಲಗಿಸಿ ಕಣ್ಣುಗುಡ್ಡೆ ನೋಡಬೇಕು. 1952ರಲ್ಲಿ ಡಿಕ್ಸ್ ಮತ್ತು ಹಾಲ್‌ಪೈಕ್ ವಿವರಿಸಿದ ಪರೀಕ್ಷೆ. ಕಣ್ಣು ತಿರುಚಿಕೊಂಡು ಅದುರಿದರೆ ಕಾರಣ ಸಿಕ್ಕಂತೆ. ಅಮೆರಿಕದ ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ತಲೆ ಹಂತಹಂತವಾಗಿ ತಿರುಗಿಸಿದರೆ ಹರಳು ವಾಪಸ್ ಜಾರುತ್ತೆ.

ಹಿರಿಯರು: ಮಂಚ ಒಂದಿದ್ದರೆ ಸಾಕು ಅಂದಂತಾಯಿತು. ಎರಡನೆಯವರು ಒಬ್ಬ ಯಜಮಾನರು. ಕೂತಲ್ಲಿಂದ ಎದ್ದರೆ ಕಣ್ಣು ಕತ್ತಲೆ ಬರುತ್ತೆ. ಮಲಗಿಸಿ ಬಿಪಿ ನೋಡಿ, ನಿಲ್ಲಿಸಿ ಮೂರು ನಿಮಿಷದೊಳಗೆ ಮತ್ತೆ ನೋಡಿದರೆ ಮೇಲಿನ ಅಂಕಿ 20ಕ್ಕಿಂತ ಹೆಚ್ಚು ಇಳಿದಿರುತ್ತೆ. ಬಿಪಿ ಮಾತ್ರೆಯ ಜೊತೆಗೆ ಪ್ರಾಸ್ಟೇಟ್ ಮಾತ್ರೆ ಶುರುವಾದ ಮೇಲೆ ಹೀಗಾದದ್ದು ಎಷ್ಟೋ ಸಲ. ಮೂರನೆಯವರು ಬೆಳಿಗ್ಗೆಯಿಂದ ಬಿಡದೆ ಸುತ್ತುತ್ತಿದೆ, ಆತುಕೊಂಡರೂ ನಿಲ್ಲೋಕಾಗಲ್ಲ ಅಂತ ಬಂದವರು. ಅವರನ್ನ ಹಲಗೆ ಹತ್ತಿಸೋದು ಅಪರಾಧ. ಕಿರುಮೆದುಳಿಗೆ ರಕ್ತ ನಿಂತಿರಬಹುದು, ನೇರ ದೊಡ್ಡಾಸ್ಪತ್ರೆಗೆ ಓಡಿಸಬೇಕು. ಮೂವರಿಗೂ ನಿನ್ನ ಯಂತ್ರ ಬೇಕಾಗಲಿಲ್ಲ.

ಕಿರಿಯಳು: ಬೇಕಾಗಲಿಲ್ಲ. ರೋಗಕ್ಕೆ ಹೆಸರಿಡೋದು ಅದರ ಕೆಲಸ ಅಂತ ನಾನು ಹೇಳಿದ್ದೂ ಇಲ್ಲ. ಮೂರು ಕಡೆಯ ಸುದ್ದಿಯಲ್ಲಿ ಯಾವುದನ್ನ ಈ ದೇಹ ನೆಚ್ಚಿಕೊಂಡಿದೆ, ಯಾವುದನ್ನ ಬಳಸಲಾರದೆ ಹೋಗಿದೆ ಅನ್ನೋದನ್ನ ಅದು ಬಿಡಿಸಿ ತೋರಿಸುತ್ತೆ.

ಕಣ್ಣು ಮುಚ್ಚಿಸುವುದರಿಂದ ನೋಟವನ್ನು ಮಾತ್ರ ತೆಗೆದಂತಾಗುತ್ತದೆ. ನೆಲದ ಸುದ್ದಿಯನ್ನು ಕೆಡಿಸುವುದು ಕಷ್ಟ, ಏಕೆಂದರೆ ನಿಲ್ಲಲು ನೆಲ ಬೇಕೇ ಬೇಕು. ಅಮೆರಿಕದ ಲೂಯಿಸ್ ನ್ಯಾಶ್ನರ್ ಇದಕ್ಕೊಂದು ಉಪಾಯ ಕಂಡುಕೊಂಡರು. ನಿಂತವರು ಮುಂದಕ್ಕೆ ಓಲಿದಷ್ಟೇ ಹಲಗೆಯೂ ಮುಂದಕ್ಕೆ ಓರೆಯಾಗುತ್ತದೆ, ಹಿಂದಕ್ಕೆ ಓಲಿದರೆ ಹಿಂದಕ್ಕೆ. ಹರಡಿನ ಕೋನ ಬದಲಾಗುವುದೇ ಇಲ್ಲವಾದ್ದರಿಂದ ‘ನೆಟ್ಟಗಿದ್ದೇನೆ’ ಎಂಬ ಸುಳ್ಳು ಸುದ್ದಿ ಮೆದುಳಿಗೆ ಹೋಗುತ್ತದೆ. ಎದುರಿಗೂ ಅಕ್ಕಪಕ್ಕಕ್ಕೂ ಇರುವ ಗೂಡಿನಂಥ ಗೋಡೆಯನ್ನೂ ಹೀಗೇ ಓಲಾಡಿಸಿದರೆ ಕಣ್ಣೂ ಸುಳ್ಳು ಹೇಳುತ್ತದೆ. ಈ ಎರಡು ಉಪಾಯಗಳನ್ನೂ ಕಣ್ಣು ಮುಚ್ಚುವುದನ್ನೂ ಬೆರೆಸಿ ಆರು ಸ್ಥಿತಿಗಳ ಪರೀಕ್ಷೆ ರೂಪುಗೊಂಡಿತು. ಬಿದ್ದರೆ ಹಿಡಿಯಲು ಮೇಲಿನಿಂದ ಪಟ್ಟಿ ಕಟ್ಟಿರುತ್ತಾರೆ. ಒಂದೊಂದು ಸಲವೂ 20 ಸೆಕೆಂಡು. ಮನುಷ್ಯ ಬೀಳದೆ ಹಿಂದೆ ಮುಂದೆ ಒಟ್ಟು 12.5 ಡಿಗ್ರಿ ಓಲಬಲ್ಲ ಎಂಬುದು ಲೆಕ್ಕದ ಆಧಾರ. 2.5 ಡಿಗ್ರಿ ಓಲಿದವರಿಗೆ 80 ಅಂಕ, ಬಿದ್ದವರಿಗೆ ಸೊನ್ನೆ.

ಹಿರಿಯರು: ಕಣ್ಣಿನ ಸುಳ್ಳನ್ನ ಮೆದುಳು ಅಷ್ಟು ಸುಲಭವಾಗಿ ನಂಬುತ್ತಾ?

ಕಿರಿಯಳು: ಚಿಕ್ಕ ಮಕ್ಕಳಂತೂ ನಂಬ್ತಾವೆ. ಎಡಿನ್‌ಬರೋದ ಡೇವಿಡ್ ಲೀ 1970ರ ದಶಕದಲ್ಲಿ ನೆಲವಿಲ್ಲದ ಒಂದು ಕೋಣೆಯನ್ನ ಮೇಲಿಂದ ತೂಗುಹಾಕಿ, ಆಗ ತಾನೇ ನಿಲ್ಲೋದು ಕಲಿತ ಕೂಸುಗಳನ್ನ ಅದರೊಳಗೆ ನಿಲ್ಲಿಸಿದರು. ಗೋಡೆ ಮಾತ್ರ ಸರಿಸಿದರು, ನೆಲ ಅಲ್ಲಾಡಲಿಲ್ಲ. ಎಷ್ಟೋ ಕೂಸುಗಳು ಗೋಡೆ ಸರಿದ ದಿಕ್ಕಿಗೇ ಬಿದ್ದವು. ದೊಡ್ಡವರು ಬೀಳಲಿಲ್ಲ, ಆದರೆ ಓಲಾಟ ಗೋಡೆಯ ಜೊತೆ ಹೋಯಿತು. ಒಳಗಿವಿ ಕೆಟ್ಟವರಲ್ಲಿ ಕೆಲವರು ದೊಡ್ಡವರಾದ ಮೇಲೂ ಕಣ್ಣಿಗೇ ಜೋತುಬಿದ್ದಿರ್ತಾರೆ. ಸಂತೆಯ ಗದ್ದಲ, ಸೂಪರ್‌ಮಾರ್ಕೆಟ್ ಸಾಲುಗಳು, ಪಕ್ಕದಲ್ಲಿ ಬಸ್ಸು ಹೊರಟಾಗ ಆಯ ತಪ್ಪಿದಂತಾಗೋದು, ಅವರ ದೂರು ಇಂಥದ್ದು. ಪರೀಕ್ಷೆಯಲ್ಲಿ ಗೋಡೆ ಓಲಾಡೋ ಮೂರನೇ ಆರನೇ ಸ್ಥಿತಿಗಳಲ್ಲಿ ಅದು ಅಂಕಿಯಾಗಿ ಕಾಣುತ್ತೆ. ಓಲಾಡೋ ಹಲಗೆ ಮೇಲೆ ಕಣ್ಣು ಮುಚ್ಚಿ ನಿಲ್ಲೋ ಐದರಲ್ಲೂ, ಹಲಗೆ ಗೋಡೆ ಎರಡೂ ಓಲಾಡೋ ಆರರಲ್ಲೂ ಬಿದ್ದರೆ ಒಳಗಿವಿಯ ಸುದ್ದಿಯನ್ನ ದೇಹ ಬಳಸಿಕೊಳ್ತಿಲ್ಲ ಅಂತ ಅರ್ಥ.

ಹಿರಿಯರು: ಅದೇ ಕೆಲಸವನ್ನ ಒಂದು ಫೋಮ್ ತುಂಡು ಮಾಡುತ್ತಮ್ಮ. ದಪ್ಪ ಫೋಮ್ ಮೇಲೆ ನಿಲ್ಲಿಸಿದರೆ ಅಂಗಾಲಿನ ಸುದ್ದಿ ಗೊಂದಲವಾಗುತ್ತೆ, ಕಣ್ಣು ಮುಚ್ಚಿಸಿದರೆ ಉಳಿಯೋದು ಕಿವಿ ಒಂದೇ. ಎರಡೂ ಕಿವಿಯ ಸಮತೋಲನ ಹೋದವರು ಕೆಲವೇ ಸೆಕೆಂಡಿನಲ್ಲಿ ಮೈಮೇಲೆ ಬೀಳ್ತಾರೆ. ನಿನ್ನ ಶಾಸ್ತ್ರದವರೇ 1986ರಲ್ಲಿ, ಶಮ್ವೇ-ಕುಕ್ ಮತ್ತು ಹೋರಾಕ್, ಫೋಮ್ ತುಂಡು, ತಲೆಗೆ ಕಟ್ಟೋ ಕಾಗದದ ಲಾಟೀನು, ಒಂದು ಗಡಿಯಾರ ಇಟ್ಟುಕೊಂಡು ಆರೂ ಸ್ಥಿತಿ ಮಾಡಿ ತೋರಿಸಲಿಲ್ಲವೇ?

ಕಿರಿಯಳು: ತೋರಿಸಿದರು. ನಾನೂ ಮೊದಲು ಫೋಮ್ ಮೇಲೇ ನಿಲ್ಲಿಸೋದು. ಅದರಲ್ಲಿ ಫೇಲಾದರೆ ಹಲಗೆ ಬೇಕಿಲ್ಲ. ಪಾಸಾಗಿಯೂ ‘ಸರಿಯಿಲ್ಲ’ ಅನ್ನೋರಿಗೆ ಬೇಕು.

ಹಿರಿಯರು: ಅಂಥವರ ಓಲಾಟ ಕಡಿಮೆ ಬಂದರೆ ಆರೋಗ್ಯವಂತರು ಅಂತ ಬರೆದು ಕಳಿಸ್ತೀಯಾ? ಪಾರ್ಕಿನ್ಸನ್ ಕಾಯಿಲೆಯವರನ್ನ ನಿಲ್ಲಿಸಿ ನೋಡು. ಮೈ ಬಿಗಿದುಕೊಂಡು ನಿಂತಲ್ಲೇ ನಿಂತಿರ್ತಾರೆ, ಓಲಾಟ ನಮ್ಮ ನಿಮ್ಮಷ್ಟೇ ಇರಬಹುದು, ಕಡಿಮೆಯೂ ಇರಬಹುದು. ನಾನು ಹಿಂದೆ ನಿಂತು ಎರಡೂ ಭುಜ ಹಿಡಿದು ಒಮ್ಮೆ ಥಟ್ಟನೆ ಎಳೆದರೆ ಹೆಜ್ಜೆ ಕಿತ್ತಿಡದೆ ನೇರ ನನ್ನ ಮೇಲೇ ಒರಗ್ತಾರೆ. ನಿನ್ನ ಲೆಕ್ಕದಲ್ಲಿ ಅವರಿಗೆ ಒಳ್ಳೇ ಅಂಕ!

ಈ ಆಕ್ಷೇಪ ಗಟ್ಟಿಯಾದದ್ದು. ಎತ್ತರದ ಅಂಚಿನಲ್ಲಿ ನಿಂತು ಹೆದರಿದವರೂ ಕಾಲನ್ನು ಮುಂದಿನಿಂದಲೂ ಹಿಂದಿನಿಂದಲೂ ಬಿಗಿದುಕೊಳ್ಳುತ್ತಾರೆ. ಆಗ ಓಲಾಟದ ಹರವು ತಗ್ಗಿ ಅದರ ಕಂಪನ ಚುರುಕಾಗುತ್ತದೆ. ಓಲಾಟ ಕಡಿಮೆಯಾದಷ್ಟೂ ಒಳ್ಳೆಯದು ಎಂದು ಒಂದೇ ಅಂಕಿಯಿಂದ ತೀರ್ಮಾನಿಸಿದ ವರದಿ ದಾರಿ ತಪ್ಪಿಸುವ ವರದಿ. ಅಂಥವು ಬೇಕಾದಷ್ಟು ಬರುತ್ತವೆ.

ಕಿರಿಯಳು: ಅದಕ್ಕೇ ಎಷ್ಟು ಅನ್ನೋದರ ಜೊತೆ ಎಂಥದ್ದು ಅಂತಲೂ ನೋಡ್ತೀವಿ. ಸುಮ್ಮನೆ ನಿಂತವರ ಓಲಾಟದಲ್ಲಿ ಹೆಚ್ಚಿನ ಪಾಲು ಸೆಕೆಂಡಿಗೆ ಒಂದು ಆವರ್ತನಕ್ಕಿಂತ ನಿಧಾನ. ಬಹಳ ವರ್ಷ ಕುಡಿದು ಕಿರುಮೆದುಳಿನ ಮುಂಭಾಗ ಸವೆದವರಲ್ಲಿ ಹಿಂದೆ ಮುಂದೆ ಸೆಕೆಂಡಿಗೆ ಸುಮಾರು ಮೂರು ಸಲದ ಕಂಪನ ಎದ್ದು ಕಾಣುತ್ತೆ. ಇನ್ನು ನಿಂತರೆ ಮಾತ್ರ ಕಾಲು ನಿಲ್ಲಲ್ಲ, ನಡೆದರೆ ಕೂತರೆ ಆರಾಮ ಅನ್ನೋರು ಇದ್ದಾರಲ್ಲ, ಅವರಲ್ಲಿ ಕೆಲವರ ಕಾಲಿನಲ್ಲಿ ಸೆಕೆಂಡಿಗೆ 13ರಿಂದ 18 ಸಲದ ನಡುಕ ಇರುತ್ತೆ. ಕಣ್ಣಿಗೆ ಕಾಣೋದು ಕಷ್ಟ. ಎಷ್ಟೋ ಜನ ಮನಸ್ಸಿನ ಕಾಯಿಲೆ ಅನ್ನಿಸಿಕೊಂಡು ಅಲೆದಿರ್ತಾರೆ. ಹಲಗೆಯ ಗೆರೆಯಲ್ಲಿ ಅದು ಚೂಪಾಗಿ ಎದ್ದು ನಿಲ್ಲುತ್ತೆ.

ಹಿರಿಯರು: ಕಣ್ಣಿಗೆ ಕಾಣಲ್ಲ, ಕಿವಿಗೆ ಕೇಳುತ್ತೆ. ನಿಂತವರ ಮೀನಖಂಡದ ಮೇಲೆ ಸ್ಟೆತಸ್ಕೋಪ್ ಇಟ್ಟು ನೋಡು, ದೂರದ ಹೆಲಿಕಾಪ್ಟರಿನ ಸದ್ದು ಬರುತ್ತೆ.

ಕಿರಿಯಳು: ಅಲ್ಲಿ ಇಡಬೇಕು ಅಂತ ಹೊಳೆಯೋ ವೈದ್ಯರು ಎಷ್ಟು ಜನ ಸರ್?

ಹಿರಿಯರು: ಕಡಿಮೆಯೇ. ಆದರೆ ‘ಮನಸ್ಸಿನದು’ ಅಂದೆಯಲ್ಲ, ಅಲ್ಲಿ ನನಗೆ ಯಂತ್ರದ ಭಯ. ಅಪಘಾತದ ಪರಿಹಾರ ಕೇಳಿದವರನ್ನ ಹಲಗೆ ಮೇಲೆ ನಿಲ್ಲಿಸಿ, ಇವರು ನಾಟಕ ಮಾಡ್ತಿದ್ದಾರೆ ಅಂತ ಕಾಗದ ಕೊಡೋ ರೂಢಿ ಇದೆ ಅಂತಾರೆ.

ಕಿರಿಯಳು: ಸುಲಭದ ಸ್ಥಿತಿಯಲ್ಲಿ ತೂರಾಡಿ, ಕಷ್ಟದ ಸ್ಥಿತಿಯಲ್ಲಿ ಅದಕ್ಕಿಂತ ಚೆನ್ನಾಗಿ ನಿಂತರೆ ಆ ಗೆರೆ ಶರೀರದ ನಿಯಮಕ್ಕೆ ಹೊಂದಲ್ಲ ಅಂತ ಬರೀತೀವಿ. ಸುಳ್ಳು ಅಂತ ಬರೆಯಲ್ಲ, ಬರೆಯಲೂಬಾರದು. ಭಯ ಹಿಡಿದವರೂ ಹಾಗೇ ನಿಲ್ತಾರೆ. ಒಮ್ಮೆ ತಲೆಸುತ್ತಿ ಬಿದ್ದು, ಕಿವಿ ವಾಸಿಯಾದರೂ ತಿಂಗಳುಗಟ್ಟಲೆ ತೇಲಿದಂತಾಗ್ತಿದೆ ಅನ್ನೋರಿಗೆ ತಲೆಸುತ್ತಿನ ತಜ್ಞರ ಬಾರಾನಿ ಸೊಸೈಟಿ 2017ರಲ್ಲಿ ಪ್ರತ್ಯೇಕ ಲಕ್ಷಣಪಟ್ಟಿಯನ್ನೇ ಕೊಟ್ಟಿದೆ. ಅದು ನಿಜವಾದ ಕಾಯಿಲೆ, ಚಿಕಿತ್ಸೆಯೂ ಇದೆ. ಅಂಥವರಿಗೆ ನಿಂತಿದ್ದ ಹಾಗೇ ನೂರರಿಂದ ಏಳೇಳು ಕಳೆಯುತ್ತಾ ಬನ್ನಿ ಅಂದರೆ ಗಮನ ಲೆಕ್ಕಕ್ಕೆ ಹೋಗಿ ಓಲಾಟ ಇಳಿಯುತ್ತೆ. ಆ ಗೆರೆಯನ್ನ ಅವರಿಗೇ ತೋರಿಸಿದರೆ ‘ನನ್ನ ಕಾಲು ನಿಲ್ಲಬಲ್ಲದು’ ಅಂತ ಅವರೇ ನೋಡಿಕೊಳ್ತಾರೆ. ಬಾಯಿಮಾತಿನ ಧೈರ್ಯ ಅಷ್ಟು ತಾಗಲ್ಲ.

ಹಿರಿಯರು: ಇದು ಒಳ್ಳೆಯ ಉಪಯೋಗ, ನನಗೆ ಹೊಳೆದಿರಲಿಲ್ಲ. ಆದರೂ ಮುದುಕರ ವಿಷಯಕ್ಕೆ ಬಾ. ಬಿದ್ದು ಸಾಯೋರು ಜಗತ್ತಿನಲ್ಲಿ ವರ್ಷಕ್ಕೆ 6,84,000 ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದರಲ್ಲಿ ಸುಮ್ಮನೆ ನಿಂತಿದ್ದಾಗ ಬಿದ್ದವರು ಯಾರು? ಹೊಸ್ತಿಲು ಎಡವಿ, ಬಚ್ಚಲಲ್ಲಿ ಜಾರಿ, ರಾತ್ರಿ ಎದ್ದು ತಿರುಗುವಾಗ ಬೀಳೋದು. ನಾನು ಅವರನ್ನ ಕುರ್ಚಿಯಿಂದ ಎಬ್ಬಿಸಿ, ಮೂರು ಮೀಟರ್ ನಡೆಸಿ, ತಿರುಗಿಸಿ, ವಾಪಸ್ ಕೂರಿಸಿ ಗಡಿಯಾರ ನೋಡ್ತೀನಿ. 12 ಸೆಕೆಂಡು ದಾಟಿದರೆ ಎಚ್ಚರ. ಅದಕ್ಕಿಂತ ಸುಲಭದ್ದು ಒಂದಿದೆ: ನಡೆಯುವಾಗ ಮಾತಾಡಿಸು. ಉತ್ತರ ಕೊಡೋಕೆ ನಡಿಗೆ ನಿಲ್ಲಿಸಿದರೆ ಅವರು ಬೀಳುವ ಸಾಧ್ಯತೆ ಹೆಚ್ಚು ಅಂತ 1997ರಲ್ಲಿ ಸ್ವೀಡನ್ನಿನವರು ಬರೆದರು.

ಕಿರಿಯಳು: ನಿಂತ ಓಲಾಟ ಎಲ್ಲವನ್ನೂ ಹೇಳಲ್ಲ, ನಿಜ. ಆದರೂ ವಯಸ್ಸಾದವರಲ್ಲಿ ಪಕ್ಕಕ್ಕೆ ಓಲೋದು ಹೆಚ್ಚಿದ್ದರೆ ಅದಕ್ಕೂ ಮುಂದಿನ ದಿನಗಳಲ್ಲಿ ಬೀಳೋದಕ್ಕೂ ನಂಟಿದೆ ಅಂತ ಕೆನಡಾದ ಬ್ರಯನ್ ಮಾಕಿ ಮತ್ತು ಜೊತೆಗಾರರು 1994ರಲ್ಲಿ ತೋರಿಸಿದರು. ಎದುರಿಗೆ ನಿಂತ ವೈದ್ಯರ ಕಣ್ಣಿಗೆ ಮಿಲಿಮೀಟರ್ ಲೆಕ್ಕದ ಆ ಪಕ್ಕದ ಓಲಾಟ ಸಿಗಲ್ಲ. ಸೊಂಟದ ಪಕ್ಕದ ಸ್ನಾಯುಗಳಿಗೆ ವ್ಯಾಯಾಮ ಕೊಡಬೇಕು ಅನ್ನೋದು ಅಲ್ಲಿಂದ ಹೊಳೆಯುತ್ತೆ.

ಹಿರಿಯರು: ವ್ಯಾಯಾಮ ಅಂದೆ. ಅಲ್ಲಿ ನಿನ್ನ ಹಲಗೆಗೆ ಜಾಗ ಇದೆ ಅಂತ ನಾನೇ ಹೇಳ್ತೀನಿ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ತಲೆಗೆ ಪೆಟ್ಟು ಬಿದ್ದ ಸೈನಿಕರಿಗಾಗಿ ಲಂಡನ್ನಿನ ಕಾಥೋರ್ನ್ ಮತ್ತು ಕುಕ್ಸಿ ಹಾಕಿಕೊಟ್ಟ ಕಣ್ಣು-ಕುತ್ತಿಗೆ-ನಡಿಗೆಯ ವ್ಯಾಯಾಮವನ್ನ ನಾವೂ ಕಾಗದದಲ್ಲಿ ಬರೆದು ಕೊಡ್ತಿದ್ದೆವು. ರೋಗಿ ವಾರ ಬಿಟ್ಟು ಬಂದು ‘ಹಾಗೇ ಇದೆ ಡಾಕ್ಟ್ರೇ’ ಅಂತಿದ್ದ. ನಿಜಕ್ಕೂ ಹಾಗೇ ಇದೆಯೋ, ಸುಧಾರಿಸಿದ್ದು ಅವನಿಗೆ ತಿಳೀತಿಲ್ಲವೋ, ನನಗೆ ಗೊತ್ತಾಗ್ತಿರಲಿಲ್ಲ.

ಕಿರಿಯಳು: ಅಲ್ಲಿ ಒಂದು ಎಚ್ಚರ ನಾನೇ ಸೇರಿಸ್ತೀನಿ. ಅದೇ ಪರೀಕ್ಷೆ ಎರಡನೇ ಮೂರನೇ ಸಲ ಮಾಡಿದರೆ ಬರೀ ರೂಢಿಯಿಂದಲೇ ಅಂಕ ಏರುತ್ತೆ. ಆರು ಸ್ಥಿತಿಗಳ ಒಟ್ಟು ಅಂಕದಲ್ಲಿ ಎಂಟಕ್ಕಿಂತ ಹೆಚ್ಚು ಏರಿದರೆ ಮಾತ್ರ ಚಿಕಿತ್ಸೆಯ ಫಲ ಅಂತ ಹಿಡಿಯಬಹುದು. ಅವರವರ ಅಳತೆಯನ್ನ ಅವರವರ ಹಳೆಯ ಅಳತೆಗೇ ಹೋಲಿಸಿದರೆ ಹಲಗೆ ಚೆನ್ನಾಗಿ ಮಾತಾಡುತ್ತೆ. ಗಗನಯಾತ್ರಿಗಳಿಗೆ ನಾಸಾ ಮಾಡಿದ್ದೂ ಅದೇ: ಹೊರಡೋ ಮುಂಚೆ ಒಂದು ಅಳತೆ, ಇಳಿದ ಮೇಲೆ ಒಂದು. ಭಾರವಿಲ್ಲದ ಕಡೆಯಿಂದ ಬಂದ ಕಟ್ಟುಮಸ್ತಾದ ಆಳುಗಳು ಇಳಿದ ದಿನ ಐದನೇ ಆರನೇ ಸ್ಥಿತಿಯಲ್ಲಿ ಕಿವಿರೋಗಿಗಳ ಹಾಗೆ ತೂರಾಡಿದರು. ಷಟಲ್‌ನಲ್ಲಿ ಹೋಗಿ ಬಂದವರಲ್ಲಿ ಅದು ಕೆಲವು ದಿನಗಳಲ್ಲೇ ಇಳೀತು.

ಹಿರಿಯರು: ಗಗನಯಾತ್ರಿಗೆ ಹೊರಡೋ ಮುಂಚಿನ ಅಳತೆ ಇರುತ್ತೆ. ನಮ್ಮೂರಿನ ಅಜ್ಜಿಗೆ ಎಲ್ಲಿದೆ? ಅವಳು ಬಿದ್ದ ಮೇಲೇ ಬರೋದು. ಆಗ ಯಾರ ಅಳತೆಗೆ ಹೋಲಿಸ್ತೀಯ?

ಕಿರಿಯಳು: ಅವಳ ವಯಸ್ಸಿನವರ ಅಳತೆಗೆ. ಅದು ದುರ್ಬಲ ಹೋಲಿಕೆ, ಒಪ್ತೀನಿ. ಪಾದ ಜೋಡಿಸಿದ್ದೋ ಅಗಲಿಸಿದ್ದೋ, 20 ಸೆಕೆಂಡೋ 60 ಸೆಕೆಂಡೋ, ‘ಅಲ್ಲಾಡಬೇಡಿ’ ಅಂದದ್ದೋ ‘ಆರಾಮವಾಗಿ ನಿಲ್ಲಿ’ ಅಂದದ್ದೋ, ಇಷ್ಟರ ಮೇಲೆ ಅಂಕಿ ಬದಲಾಗುತ್ತೆ. ಒಂದು ಕಡೆಯ ವರದಿಯನ್ನ ಇನ್ನೊಂದು ಕಡೆಯದರ ಪಕ್ಕ ಇಟ್ಟು ಓದೋ ಹಾಗಿಲ್ಲ. ನಿಲ್ಲುವಾಗ ರೋಗಿಯ ಬೆರಳು ಎಲ್ಲಿತ್ತು ಅನ್ನೋದೂ ಮುಖ್ಯ. ಜೆಕಾ ಮತ್ತು ಲ್ಯಾಕ್ನರ್ 1994ರಲ್ಲಿ ತೋರಿಸಿದ್ದು ನೆನಪಿದೆಯಾ? ತೋರುಬೆರಳ ತುದಿ ಪಕ್ಕದ ಕಂಬಿಗೆ ನೂರು ಗ್ರಾಂಗಿಂತ ಕಡಿಮೆ ಒತ್ತಡದಲ್ಲಿ ತಾಗಿದ್ದರೂ ಸಾಕು, ಓಲಾಟ ಕಣ್ಣು ಬಿಟ್ಟಷ್ಟೇ ಇಳಿಯುತ್ತೆ. ಅಷ್ಟು ಹಗುರದ ಒತ್ತಡ ದೇಹವನ್ನ ಆತು ಹಿಡಿಯಲಾರದು. ಅದು ಕೊಡೋದು ಸುದ್ದಿ ಮಾತ್ರ.

ಹಿರಿಯರು: ರಾತ್ರಿ ಗೋಡೆ ಸವರಿಕೊಂಡು ಬಚ್ಚಲಿಗೆ ಹೋಗೋ ಮುದುಕರಿಗೆ ಇದು ಪೇಪರ್ ಬರೋ ಮುಂಚೆಯೇ ಗೊತ್ತಿತ್ತು. ಊರುಗೋಲು ಬೇಡ ಅಂತ ಹಟ ಮಾಡೋರಿಗೆ ನಾನು ಇದನ್ನೇ ಹೇಳೋದು: ಭಾರ ಹಾಕಬೇಡ, ಬರೀ ನೆಲ ಮುಟ್ಟಿಸಿಕೊಂಡು ನಡಿ.

ಕಿರಿಯಳು: ಆ ದಾರಿಯಲ್ಲೇ ಇನ್ನೊಂದು ಹೆಜ್ಜೆ ಹೋದವರೂ ಇದ್ದಾರೆ. 2003ರಲ್ಲಿ ಬಾಸ್ಟನ್ನಿನ ಜೇಮ್ಸ್ ಕಾಲಿನ್ಸ್ ತಂಡ ಚಪ್ಪಲಿಯ ಅಟ್ಟೆಯಲ್ಲಿ ತಿಳಿಯಲೂ ಬಾರದಷ್ಟು ಸಣ್ಣ ಕಂಪನ ಇಟ್ಟು, ವಯಸ್ಸಾದವರ ಓಲಾಟ ಇಳಿಯೋದನ್ನ ಅಳೆದು ತೋರಿಸಿತು. ಮಂಕಾದ ಅಂಗಾಲಿಗೆ ಸಣ್ಣ ಗದ್ದಲ ಸೇರಿಸಿದರೆ ನೆಲದ ಸುದ್ದಿ ಚುರುಕಾಗುತ್ತೆ ಅನ್ನೋದು ತತ್ವ. ಅಳೆಯೋ ಸಾಧನ ಇಲ್ಲದಿದ್ದರೆ ಇಂಥದ್ದು ಕೆಲಸ ಮಾಡ್ತೋ ಇಲ್ಲವೋ ಅಂತ ತಿಳಿಯೋದು ಹೇಗೆ?

ಹಿರಿಯರು: ಸಂಶೋಧನೆಗೆ ಬೇಕು ಅಂದರೆ ನಾನು ತಕರಾರು ತೆಗೆಯಲ್ಲ. ತಾಲ್ಲೂಕಿನ ಓಪಿಡಿಗೆ ಬೇಕಾ ಅನ್ನೋದು ನನ್ನ ಮಾತು. ಹಲಗೆ ತರಿಸೋ ದುಡ್ಡಿನಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್‌ಗೆ ಸಂಬಳ ಕೊಡಬಹುದು.

ಕಿರಿಯಳು: ಆ ದೊಡ್ಡ ಯಂತ್ರ ಅಲ್ಲಿಗೆ ಬೇಡ. ನಿಂಟೆಂಡೊ ಕಂಪನಿ 2007ರಲ್ಲಿ ಆಟಕ್ಕೆ ಅಂತ ತಂದ ವೀ ಬ್ಯಾಲೆನ್ಸ್ ಬೋರ್ಡ್ ಇದೆಯಲ್ಲ, ಅದರ ಮೂಲೆಗಳಲ್ಲೂ ನಾಲ್ಕು ಸಂವೇದಕಗಳೇ. ಅದರ ಅಳತೆ ಪ್ರಯೋಗಾಲಯದ ಪ್ಲೇಟಿಗೆ ಚೆನ್ನಾಗಿ ಹೊಂದುತ್ತೆ ಅಂತ ಆಸ್ಟ್ರೇಲಿಯಾದವರು 2010ರಲ್ಲಿ ಬರೆದರು. ಸೊಂಟಕ್ಕೆ ಕಟ್ಟಿದ ಮೊಬೈಲಿನಿಂದ ಓಲಾಟ ಅಳೆಯೋ ಪ್ರಯತ್ನಗಳೂ ನಡೀತಿವೆ. ನನ್ನ ಆಸೆ ಇಷ್ಟು: ಸಕ್ಕರೆ ಕಾಯಿಲೆ ಪತ್ತೆಯಾದ ವರ್ಷವೇ ಒಂದು ಅಳತೆ ಬರೆದಿಟ್ಟರೆ, ಹತ್ತು ವರ್ಷದ ಮೇಲೆ ಅವರು ಜೋಲಿ ಹೊಡೆದಾಗ ಹೋಲಿಸೋಕೆ ಅವರದೇ ಲೆಕ್ಕ ಇರುತ್ತೆ.

ಹಿರಿಯರು: ಸಕ್ಕರೆ ಕಾಯಿಲೆಯವರಿಗೆ 128 ಹರ್ಟ್ಸ್ ಶ್ರುತಿಕವೆ ಹೆಬ್ಬೆರಳಿಗೆ ಇಟ್ಟು, ಹತ್ತು ಗ್ರಾಂ ಒತ್ತಡಕ್ಕೆ ಬಾಗೋ ಎಳೆಯನ್ನ ಅಂಗಾಲಿಗೆ ಒತ್ತಿ ನೋಡೋ ಕೆಲಸವನ್ನೇ ಅರ್ಧ ಜನ ಮಾಡಲ್ಲ. ಚಪ್ಪಲಿ ಬಿಚ್ಚಿಸೋಕೇ ಪುರುಸೊತ್ತಿಲ್ಲ! ಮೊದಲು ಅದಾಗಲಿ. ದೂರು ಇಲ್ಲದವರನ್ನ ಅಳೆದು, ಅಂಕಿ ಸ್ವಲ್ಪ ಆಚೀಚೆ ಬಂದು, ಇಲ್ಲದ ಭಯ ಹುಟ್ಟಿಸಿ, ಅವರು ಮೈ ಬಿಗಿದು ನಡೆಯೋಕೆ ಶುರುಮಾಡಿದರೆ ಹೊಣೆ ಯಾರು?

ಕಿರಿಯಳು: ಬಿದ್ದು ಸೊಂಟ ಮುರಿದ ಮೇಲೆ ಅಳೆಯೋದಕ್ಕಿಂತ ಆ ಹೊಣೆ ಹೊರೋದು ವಾಸಿ ಅನ್ನಿಸುತ್ತೆ ಸರ್.

ಹಿರಿಯರು: ನನಗೆ ಅನ್ನಿಸಲ್ಲ. ಇರಲಿ, ಅಳೆದೇ ಅಳೀತೀಯ ಅಂದರೆ ಅಂಕಿಯ ಪಕ್ಕದಲ್ಲಿ ಅವತ್ತು ಪಾದ ಎಷ್ಟು ಅಂತರದಲ್ಲಿತ್ತು, ಬೆಳಿಗ್ಗೆ ಯಾವ ಮಾತ್ರೆ ನುಂಗಿದ್ದರು, ರಾತ್ರಿ ನಿದ್ದೆ ಆಗಿತ್ತಾ, ಅಷ್ಟನ್ನೂ ಬರೆದಿಡು.

ಕಿರಿಯಳು: ಬರೀತೀನಿ. ನೀವು ಕಳಿಸೋ ಚೀಟಿಯಲ್ಲೂ ‘ಗಿಡ್ಡಿನೆಸ್’ ಅಂತ ಬರೆದು ಸಹಿ ಹಾಕಿ ಕಳಿಸಬೇಡಿ ಸರ್. ಮಗ್ಗುಲಾದಾಗ ಬರುತ್ತೋ ಎದ್ದಾಗ ಬರುತ್ತೋ, ಎಷ್ಟು ಹೊತ್ತು ಇರುತ್ತೆ, ಕತ್ತಲಲ್ಲಿ ಹೆಚ್ಚಾಗುತ್ತಾ, ಕಿವಿ ಕೇಳಿಸೋದು ಕಡಿಮೆಯಾಗಿದೆಯಾ, ಇಷ್ಟು ಇದ್ದರೆ ಮಂಚಕ್ಕೆ ಕರೆಯಬೇಕೋ ಹಲಗೆಗೆ ಹತ್ತಿಸಬೇಕೋ ಅಂತ ಬಾಗಿಲಲ್ಲೇ ತೀರ್ಮಾನ ಮಾಡಬಹುದು.